ಹೂಂ ಎಂದರೆ ಒಪ್ಪಿಗೆಯೇ?

ನಾನು ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದವಳು. ಪ್ರಾಕ್ಟಿಕಲ್ ತರಗತಿಯಲ್ಲಿ ಇಬ್ಬಿಬ್ಬರ ಜೋಡಿ; ಒಬ್ಬಳು ಪ್ರಯೋಗ ಮಾಡುವವಳು, ಇನ್ನೊಬ್ಬಳು ಮಾಡಿಸಿಕೊಳ್ಳುವವಳು. ಕನ್ನಡಿಯನ್ನಷ್ಟೇ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮೇಲಕ್ಕೆ ಹೋಗೆಂದರೆ ಕೈ ಕೆಳಕ್ಕೆ ಹೋಗುತ್ತಿತ್ತು! ನಕ್ಕು ನಕ್ಕು ಸಾಕಾಗುತ್ತಿತ್ತು. ಆದರೆ ಯಾವ ಫಲಿತಾಂಶ ಬರಬೇಕೆಂಬುದು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಲ್ಲಿ ಮೊದಲೇ ಇರುತ್ತಿತ್ತು. ಅದಕ್ಕೆ ಹೊಂದದ ಅಂಕಿ ಬಂದರೆ ಮೇಡಂ 'ಇನ್ನೊಮ್ಮೆ ಮಾಡಿ' ಎನ್ನುತ್ತಿದ್ದರು.

ಈಗ ಹಾಗಲ್ಲ. ಕೊನೆಯ ವರ್ಷದ ಬಿ.ಎ.ಯಲ್ಲಿರುವ ನನ್ನ ಅಣ್ಣನ ಮಗಳು ತನ್ನದೇ ಪ್ರಶ್ನೆ ಇಟ್ಟುಕೊಂಡು ಪುಟ್ಟ ಸಂಶೋಧನೆ ಮಾಡಬೇಕು. ಒಳ್ಳೆಯದೇ. ಪುಸ್ತಕ ಓದಿಯೇ ಹೋಳಿಗೆ ಲಟ್ಟಿಸಲು ಕಲಿತವರುಂಟೆ? ಆದರೆ ರಸಾಯನಶಾಸ್ತ್ರದವರ ಗಾಜಿನ ನಳಿಕೆ ಇರುವ ಜಾಗದಲ್ಲಿ ಇಲ್ಲಿ ಕೂತಿರುವುದು ಮನುಷ್ಯ.

ಅವಳು ಮಕ್ಕಳ ಆತಂಕದ ಬಗ್ಗೆ ಒಂದು ಪ್ರಶ್ನಾವಳಿ ಹಿಡಿದು ಬಂದಳು. "ಅತ್ತೆ, ನಿಮ್ಮ ಹತ್ತನೇ ತರಗತಿಯವರ ಹತ್ತಿರ ತುಂಬಿಸಿಕೊಡಿ. ನೀವು ಹೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ" ಎಂದಳು. ಕಣ್ಣಾಡಿಸಿದೆ. ರಾತ್ರಿ ನಿದ್ದೆ ಬರುತ್ತದೆಯೇ, ಮನೆಯಲ್ಲಿ ಜಗಳವಾದರೆ ಭಯವಾಗುತ್ತದೆಯೇ... ಯಾರೂ ಇಲ್ಲ ಎನ್ನುವುದಿಲ್ಲವೆಂಬುದೇ ನನಗೆ ಚುಚ್ಚಿತು. ಹಾಜರಿಗೆ 'ಎಸ್ ಮಿಸ್' ಎನ್ನುವ ದನಿಯಲ್ಲೇ ಅವರು ಇದಕ್ಕೂ ಹೂಂ ಎನ್ನುತ್ತಾರೆ. ಇಲ್ಲ ಎನ್ನಲು ಬಾರದವರ ಹೂಂಗೆ ಬೆಲೆ ಏನು?

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್ಗ್ರಾಮ್ ಶುರುಮಾಡಿದ ಪ್ರಯೋಗದ ಕಥೆ ಮನಃಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಜ್ಞಾಪಕಶಕ್ತಿಯ ಪರೀಕ್ಷೆ ಎಂದು ಕರೆಸಿ, ಪಕ್ಕದ ಕೋಣೆಯವನು ತಪ್ಪು ಹೇಳಿದಾಗಲೆಲ್ಲ ಅವನಿಗೆ ಕರೆಂಟ್ ಕೊಡಿ ಎಂದರು. ಕರೆಂಟು ಸುಳ್ಳು, ಆತ ಮೊದಲೇ ಹೇಳಿಕೊಟ್ಟು ಕೂರಿಸಿದ ಮನುಷ್ಯ. ಬಂದವರಿಗೆ ಅದು ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ವರದಿಯಂತೆ 40 ಗಂಡಸರಲ್ಲಿ 26 ಮಂದಿ 450 ವೋಲ್ಟಿನ ಗುಂಡಿಯವರೆಗೂ ಒತ್ತಿದರು. ಬೆವರುತ್ತ, ನಡುಗುತ್ತ ಒತ್ತಿದರು. ದೊಡ್ಡವರು ಹೇಳಿದರೆ ನಾವು ಎಲ್ಲಿಯವರೆಗೆ ಹೋಗುತ್ತೇವೆ ಎಂಬುದನ್ನು ಲೋಕ ಕಲಿತಿತು, ನಿಜ. ಆದರೆ 'ನಾನು ಇಂಥವನು' ಎಂಬ ಅರಿವನ್ನು ಹೊತ್ತು ಮನೆಗೆ ಹೋದವರು ಅದನ್ನು ಕೇಳಿ ಪಡೆದಿರಲಿಲ್ಲ. ನಮ್ಮ ಕಲಿಕೆಯ ಖರ್ಚನ್ನು ಇನ್ನೊಬ್ಬರ ತಲೆಗೆ ಕಟ್ಟಬಹುದೇ? ನನಗಂತೂ ಮನಸ್ಸು ಒಪ್ಪುವುದಿಲ್ಲ.

ಎಬ್ಬಿಂಗ್‌ಹೌಸ್ ಎಂಬ ಜರ್ಮನಿಯವನು ನನಗೆ ಹೆಚ್ಚು ಹಿಡಿಸುತ್ತಾನೆ. ಮರೆವನ್ನು ಅಳೆಯಲು ಅವನು ಆರಿಸಿಕೊಂಡದ್ದು ತನ್ನನ್ನೇ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಉರುಹೊಡೆದು, ಗಂಟೆ ಬಿಟ್ಟು, ದಿನ ಬಿಟ್ಟು, ವಾರಗಳು ಕಳೆದ ಮೇಲೆ ಮತ್ತೆ ಕಲಿತು ಲೆಕ್ಕ ಇಟ್ಟ. ಮರೆವು ಮೊದಲಲ್ಲಿ ಧಡಧಡನೆ, ಆಮೇಲೆ ನಿಧಾನ ಎಂದು 1885ರಲ್ಲಿ ಪುಸ್ತಕ ಬರೆದ. "ಮೊದಲು ಇದನ್ನು ನಿನ್ನ ಮೇಲೆ ಮಾಡಿ ನೋಡು" ಎಂದೆ. ಒಂದು ವಾರ ಹುಡುಗಿ 'ಗೆಮುಠ, ಝಪಿಕೊ' ಎಂದು ಗೊಣಗುತ್ತ ತಿರುಗಿದಳು. ನಮ್ಮಣ್ಣನಿಗೆ ಗಾಬರಿ!

ಆತಂಕದ ಪ್ರಶ್ನೆಗಳನ್ನು ಅವಳೇ ಕೈಬಿಟ್ಟು ಮರೆವಿಗೇ ಬಂದಳು. ನಮ್ಮ ದೇಶದ ಐ.ಸಿ.ಎಂ.ಆರ್. 2017ರಲ್ಲಿ ತಂದ ಮಾರ್ಗಸೂಚಿ, ಹೆತ್ತವರು ಒಪ್ಪಿದರೂ ತಿಳಿವಳಿಕೆ ಬಂದ ಮಗುವನ್ನೂ ಕೇಳಬೇಕು ಎನ್ನುತ್ತದೆ. ಹೆಡ್ ಮಿಸ್ ಒಪ್ಪಿದರು, ಮನೆಗಳಿಗೆ ಚೀಟಿ ಹೋಯಿತು. ಮಕ್ಕಳನ್ನು ಕೇಳುವ ದಿನ ನಾನು ಸ್ಟಾಫ್ ರೂಮಿನಲ್ಲೇ ಕೂತೆ. ಮಿಸ್ ಎದುರಿಗಿದ್ದರೆ ಮಕ್ಕಳ ಬಾಯಿಂದ 'ಇಲ್ಲ' ಹೊರಡುವುದು ಕಷ್ಟ. ಅವಳು ಎಲ್ಲವನ್ನೂ ವಿವರಿಸಿ, ಚೀಟಿಯಲ್ಲಿ ಹೂಂ ಅಥವಾ ಇಲ್ಲ ಬರೆದು ಮಡಿಸಿ ಡಬ್ಬಿಗೆ ಹಾಕಿ ಎಂದಳಂತೆ. ಒಂಬತ್ತು ಮಂದಿ ಇಲ್ಲ ಎಂದು ಬರೆದಿದ್ದರು. ಅವರು ಆ ಪೀರಿಯಡ್ ಕಥೆಪುಸ್ತಕ ಓದಿದರು.

ನನಗೆ ಆ ಒಂಬತ್ತು ಚೀಟಿಗಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ! ಅವಳ ಮುಖ ಮಾತ್ರ ಸಣ್ಣದಾಯಿತು. "ಅತ್ತೆ, ಒಪ್ಪಿದವರು ಬೇರೆ ಥರದವರು, ಒಪ್ಪದವರು ಬೇರೆ ಥರದವರು ಇರಬಹುದು. ಆಗ ನನ್ನ ಲೆಕ್ಕ ಇಡೀ ತರಗತಿಯದಾಗುವುದಿಲ್ಲ" ಎಂದಳು. ಹೌದು. ಅದು ಶಾಸ್ತ್ರದ ನಿಜವಾದ ತೊಡಕೇ, ಮಕ್ಕಳ ಮಾತೆಂದು ತಳ್ಳಿಹಾಕುವ ಹಾಗಿಲ್ಲ. ಕೇಳದೆ ಮಾಡಿದ್ದರೆ ಲೆಕ್ಕ ತುಂಬಿರುತ್ತಿತ್ತು.

"ವರದಿಯಲ್ಲಿ ಇದನ್ನು ಏನೆಂದು ಬರೆಯಲಿ?"

"ಒಂಬತ್ತು ಮಂದಿ ಒಪ್ಪಲಿಲ್ಲ ಎಂದು ಬರಿ."

"ಯಾಕೆ ಒಪ್ಪಲಿಲ್ಲ ಅಂತ ಅವರನ್ನು ಕೇಳಿ ಬರಲಾ?"

"ಕೇಳಬೇಡ" ಎಂದೆ.