ಬೆಳಗಾದರೆ ಮೇಲೆ ಬರ್ತಾರಾ?

ಆನ್‌ಸೈಟ್ ಅಂತ ಮೂರು ತಿಂಗಳು ಲಂಡನ್ನಿನಲ್ಲಿದ್ದಾಗ ಒಂದು ಶನಿವಾರ ಚಿಸಲ್‌ಹರ್ಸ್ಟ್ ಗುಹೆಗಳನ್ನು ನೋಡೋಕೆ ಹೋಗಿದ್ದೆ. ನಗರದ ಆಗ್ನೇಯ ಅಂಚಿನ ಊರು, ಹಿಂದೆ ಕೆಂಟ್ ಕೌಂಟಿಗೆ ಸೇರಿತ್ತು. ರೈಲಿಳಿದು ಸ್ವಲ್ಪ ನಡೆದರೆ ಮರಗಳು, ಹುಲ್ಲು, ತಣ್ಣನೆ ಗಾಳಿ. ಗುಡ್ಡದೊಳಗೆ ಸೀಮೆಸುಣ್ಣಕ್ಕೂ ಚಕಮಕಿ ಕಲ್ಲಿಗೂ ಅಂತ ಶತಮಾನಗಳ ಕಾಲ ಕೊರೆದ ಸುರಂಗಗಳು, ಒಟ್ಟು ಸುಮಾರು 35 ಕಿಲೋಮೀಟರ್ ಅಂತಾರೆ. ಮೊದಲ ಮಹಾಯುದ್ಧದಲ್ಲಿ ಅಲ್ಲಿ ಮದ್ದುಗುಂಡು ಇಟ್ಟಿದ್ದರು. ಆಮೇಲೆ ಅಣಬೆ ಬೆಳೆದರು. 1940ರಲ್ಲಿ ಲಂಡನ್ ಮೇಲೆ ಬಾಂಬು ಬೀಳತೊಡಗಿದಾಗ ಜನ ಹಾಸಿಗೆ ಹೊತ್ತುಕೊಂಡು ಬಂದು ಒಳಗೆ ಮಲಗಿದರು. ಒಂದು ಹಂತದಲ್ಲಿ ಅಲ್ಲಿದ್ದವರು 15,000 ಜನ! ವಿದ್ಯುತ್ ದೀಪ, ಕ್ಯಾಂಟೀನು, ಆಸ್ಪತ್ರೆ, ಪ್ರಾರ್ಥನಾ ಮಂದಿರ ಎಲ್ಲಾ ಬಂದವು.

ಗೈಡ್ ನಮ್ಮನ್ನು ನಿಲ್ಲಿಸಿ, ಲಾಟೀನು ತಗೊಂಡು ಅತ್ತ ಹೋದ. ಕರೆಂಟಿಲ್ಲದ ಊರಿನಲ್ಲಿ ಬೆಳೆದ ನನಗೂ ಅಂಥ ಕತ್ತಲೆ ಗೊತ್ತಿರಲಿಲ್ಲ. ಆದರೂ ಮೇಲೆ ಸಾವು ಸುರಿಯುತ್ತಿದ್ದಾಗ ಇದೇ ಬೆಚ್ಚಗಿತ್ತು.

ರೂಮಿಗೆ ಬಂದು ಓದುತ್ತಾ ಹೋದಂತೆ ಒಂದು ವಿಷಯ ಚುಚ್ಚಿತು. ಇಂಥ ಆಳದ ಆಶ್ರಯಗಳನ್ನು ಕಟ್ಟೋದು ಸರ್ಕಾರಕ್ಕೆ ಬೇಕಿರಲಿಲ್ಲ. ಖರ್ಚು, ಸಮಯ ಒಂದು ಕಾರಣ. ಇನ್ನೊಂದು ಅನುಮಾನ: ಒಮ್ಮೆ ನೆಲದಡಿ ನೆಮ್ಮದಿಯಾಗಿ ಮಲಗಿದವರು ಮತ್ತೆ ಮೇಲೆ ಬರಲ್ಲ, ಕಾರ್ಖಾನೆಗೆ ಹೋಗಲ್ಲ ಅನ್ನೋದು. ‘ಡೀಪ್ ಶೆಲ್ಟರ್ ಮೆಂಟಾಲಿಟಿ’ ಅಂತ ಅದಕ್ಕೊಂದು ಹೆಸರೂ ಇತ್ತು. ಬದಲಿಗೆ ಹಿತ್ತಲಲ್ಲಿ ಹೂತುಕೊಳ್ಳಿ ಅಂತ ಉಕ್ಕಿನ ತಗಡು ಹಂಚಿದರು, ಬಡವರಿಗೆ ಪುಕ್ಕಟೆ. ಪೂರ್ವ ಲಂಡನ್ನಿನ ಎಷ್ಟೋ ಬಡವರಿಗೆ ಹಿತ್ತಲೇ ಇರಲಿಲ್ಲ. ಅವರು ಟಿಕೆಟ್ ತಗೊಂಡು ಸುರಂಗ ರೈಲಿನ ನಿಲ್ದಾಣಕ್ಕಿಳಿದು ಅಲ್ಲೇ ಮಲಗಿದರು. ಕೊನೆಗೆ ಸರ್ಕಾರವೇ ಸೋತು ಒಪ್ಪಿಕೊಂಡಿತು.

ಬೆಳಗಾದರೆ ಜನ ಮೇಲೆ ಬರುತ್ತಿದ್ದರು. ಹಾಸಿಗೆ ಸುತ್ತಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. 1941ರಲ್ಲಿ ಪ್ಲಿಮತ್‌ನವರು ಸಂಜೆಯಾದರೆ ಡಾರ್ಟ್‌ಮೂರ್ ಕಡೆಯ ಹಳ್ಳಿಗಳಿಗೆ ನಡೆದು, ಕೊಟ್ಟಿಗೆಯಲ್ಲೋ ಬಯಲಲ್ಲೋ ಮಲಗಿ, ಬೆಳಿಗ್ಗೆ ವಾಪಸ್ಸು ಬರುತ್ತಿದ್ದರು. ಅಧಿಕಾರಿಗಳಿಗೆ ಅದು ಎದೆಗಾರಿಕೆ ಕಳಕೊಂಡವರ ಓಟದ ಹಾಗೆ ಕಂಡಿತ್ತು.

ಇದನ್ನು ಓದುವಾಗ ನನ್ನ ಟೀಮಿನಲ್ಲಿದ್ದ ಒಬ್ಬ ಹುಡುಗ ನೆನಪಾದ. ಅವನ ಅಪ್ಪನಿಗೆ ಲಕ್ವ ಹೊಡೆದಿತ್ತು. ಎರಡು ತಿಂಗಳು ಊರಿಂದ ಕೆಲಸ ಮಾಡ್ತೀನಿ ಅಂತ ಕೇಳಿದ. ‘ಪಾಲಿಸಿ ಇಲ್ಲಪ್ಪಾ’ ಅಂದೆ. ನಿಜ ಹೇಳಬೇಕಂದ್ರೆ, ಮೇಲಿನವರನ್ನು ಕೇಳಬಹುದಿತ್ತು. ಊರಿಗೆ ಹೋದರೆ ಇವನು ಆರಾಮಾಗಿಬಿಡ್ತಾನೆ ಅನ್ನಿಸಿತ್ತು. 2020ರಲ್ಲಿ ನಮ್ಮೂರ ಜಗಲಿ ಮೇಲೆ ಕೂತು ವರ್ಷವಿಡೀ ಕೆಲಸ ಮಾಡಿದ್ದು, ಒಂದು ರಿಲೀಸನ್ನೂ ತಪ್ಪಿಸದಿದ್ದದ್ದು ಇದೇ ನಾನು! ನನ್ನ ಮೇಲೆ ನನಗಿದ್ದ ನಂಬಿಕೆ ಅವನ ಮೇಲಿರಲಿಲ್ಲ. ಅವನು ಪ್ರತಿ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಸೋಮವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಸ್ಟ್ಯಾಂಡಪ್ ಮೀಟಿಂಗಿಗೆ ಹಾಜರಾಗುತ್ತಿದ್ದ.

ಕೇಳಿದವರಿಗೆಲ್ಲ ಹೂಂ ಅನ್ನೋಕಾಗಲ್ಲ, ಒಪ್ತೀನಿ. ಬೆಂಕಿ ಬಾಂಬು ಬಿದ್ದಾಗ ಮರಳು ಸುರಿಯೋಕೆ ಊರಲ್ಲಿ ಯಾರಾದರೂ ಎಚ್ಚರವಿರಲೇಬೇಕಿತ್ತು. ಅದಕ್ಕೇ ಬ್ರಿಟನ್ನಿನಲ್ಲಿ 1941ರಲ್ಲಿ ಬೆಂಕಿ ಕಾವಲನ್ನು ಕಡ್ಡಾಯ ಮಾಡಿದರು. ನಮ್ಮ ಪ್ರೊಡಕ್ಷನ್ ಸರ್ವರಿಗೂ ಕಾವಲು ಬೇಕು. ಆದರೆ ‘ಇವತ್ತು ರಾತ್ರಿ ಯಾರ ಪಾಳಿ?’ ಅಂತ ಕೇಳಿದರೆ ಹತ್ತು ಜನ ಕೂತು ಹಂಚಿಕೊಳ್ಳಬಹುದು. ‘ಇವನು ವಾಪಸ್ಸು ಬರ್ತಾನಾ?’ ಅಂತ ಅನುಮಾನಪಟ್ಟರೆ ಹಂಚಿಕೊಳ್ಳೋಕೇನೂ ಉಳಿಯಲ್ಲ. ನಾನು ಮೊದಲನೆಯದನ್ನು ಕೇಳಲೇ ಇಲ್ಲ.

ಬೆಂಗಳೂರಿಗೆ ಬಂದ ಮೇಲೆ ಅವನಿಗೆ ಫೋನ್ ಮಾಡಿದೆ. ಬೇರೆ ಕಂಪನಿ ಸೇರಿದ್ದಾನೆ. ‘ಅಪ್ಪ ಹೇಗಿದ್ದಾರೋ?’ ಅಂದೆ.

‘ತೀರಿಕೊಂಡು ಆರು ತಿಂಗಳಾಯ್ತು ಸಾರ್’ ಅಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಫೋನಿಟ್ಟ ಮೇಲೆ ಎಷ್ಟೋ ಹೊತ್ತು ಯೋಚಿಸಿದೆ. ಆ ಎರಡು ತಿಂಗಳಲ್ಲಿ ಅವನನ್ನು ಹಿಡಿದಿಟ್ಟುಕೊಂಡು ನಾವು ಮುಗಿಸಿದ್ದು ಯಾವ ರಿಲೀಸು ಅಂತ ನೆನಪಿಗೇ ಬರಲಿಲ್ಲ.