ಕೈ ಕಳಕೊಂಡವನ ಅಜಾಗ್ರತೆ

ಯಂತ್ರಕ್ಕೆ ಸಿಕ್ಕಿ ಒಬ್ಬನ ಕೈ ಜಜ್ಜಿಹೋದ ಸುದ್ದಿಯು ಊರಿಗೆ ಬಂದಾಗ, “ಅವನು ನೋಡಿಕೊಂಡು ಕೆಲಸ ಮಾಡಬಾರದಿತ್ತೇ?” ಎಂದು ಒಬ್ಬರು ಹೇಳುವರು. “ಹಣೆಯಲ್ಲಿ ಬರೆದದ್ದು ತಪ್ಪೀತೇ?” ಎಂದು ಇನ್ನೊಬ್ಬರು ಹೇಳುವರು. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಅವುಗಳ ಫಲವು ಒಂದೇ. ಯಾಕಂದರೆ ಎರಡರಿಂದಲೂ ಆ ಯಂತ್ರವನ್ನು ಇಟ್ಟವನನ್ನು ಯಾರೂ ಏನೂ ಕೇಳದೆ ಬಿಡುವರು. ಪ್ರಿಯ ವಾಚಕರೇ, ಅಜಾಗ್ರತೆಯಿಂದ ಗಾಯಪಟ್ಟವನ ಗಾಯಕ್ಕೆ ಅವನೊಬ್ಬನೇ ಹೊಣೆಯೋ ಎಂಬದನ್ನು ನಾವು ನಿಧಾನವಾಗಿ ವಿಚಾರಿಸುವದು ಯುಕ್ತವಾಗಿದೆ.

ನಮ್ಮ ಕೊಡಗಿನಲ್ಲಿ ದೊಡ್ಡ ಕಾರ್ಖಾನೆಗಳು ಕಡಿಮೆ. ಆದರೆ ಮರ ಕೊಯ್ಯುವ ಮಿಲ್ಲು, ಅಕ್ಕಿಯ ಮಿಲ್ಲು, ಕಾಫಿ ತೋಟದ ಪಲ್ಪರ್ ಮನೆ, ಇವುಗಳಲ್ಲಿ ತಿರುಗುವ ಚಕ್ರಗಳಿಗೆ ಕೊರತೆಯಿಲ್ಲ. ಪಲ್ಪರನ್ನೇ ನೋಡಿರಿ. ಕೊಯ್ದ ಹಣ್ಣು ನೀರಿನೊಡನೆ ಮೇಲಿನ ತೊಟ್ಟಿಯಿಂದ ಇಳಿದು, ಉಬ್ಬುಗಳುಳ್ಳ ತಿರುಗುವ ಉರುಳೆಗೂ ಅಲುಗದೆ ನಿಂತಿರುವ ತಗಡಿಗೂ ನಡುವೆ ಸಿಕ್ಕಿ ಸಿಪ್ಪೆಯನ್ನು ಬಿಡುತ್ತದೆ. ಬೀಜಕ್ಕೆ ಮಾತ್ರ ದಾರಿಯಿರುವ ಆ ಸಂದಿಯಲ್ಲಿ ಬೆರಳಿಗೆ ದಾರಿಯಿಲ್ಲ. ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಬೇಕು. ರಾಶಿಯಾಗಿ ಇಟ್ಟರೆ ಅದು ಹುಳಿತು ಕಾಫಿಯ ರುಚಿ ಕೆಡುವದು. ಕೊಯ್ದವರ ಹಣ್ಣನ್ನು ತೂಗಿ ಬರೆದುಕೊಳ್ಳುವಷ್ಟರಲ್ಲಿ ಸಾಯಂಕಾಲವಾಗುತ್ತದೆ. ಆದದರಿಂದ ಹಗಲೆಲ್ಲಾ ದುಡಿದವನು ಕತ್ತಲೆಯಲ್ಲಿ, ಪುಷ್ಯಮಾಸದ ಚಳಿಯಲ್ಲಿ, ಒದ್ದೆ ಕೈಯಿಂದ ಯಂತ್ರದ ಮುಂದೆ ನಿಲ್ಲುವನು. ಹಣ್ಣಿನೊಡನೆ ಒಂದು ಕಡ್ಡಿಯೋ ಕಲ್ಲೋ ಬಂದು ಸಿಕ್ಕಿಕೊಂಡಿತೆಂದು ಎಣಿಸಿರಿ. ಯಂತ್ರವನ್ನು ನಿಲ್ಲಿಸಿಯೇ ತೆಗೆಯಬೇಕೆಂಬದು ಅವನಿಗೆ ತಿಳಿಯದ ಸಂಗತಿಯಲ್ಲ. ಆದರೆ ಮೋಟರಿನ ಸ್ವಿಚ್ಚು ಆಚೆಯ ಮೂಲೆಯಲ್ಲಿದೆ, ತೊಟ್ಟಿ ತುಂಬಿ ತುಳುಕುತ್ತದೆ, ರೈಟರು ಬೇಗ ಬೇಗ ಎಂದು ಕೂಗುತ್ತಾನೆ. ನೂರು ಸಾರಿ ಕೈ ಹಾಕಿ ತೆಗೆದಾಗ ಏನೂ ಆಗಲಿಲ್ಲ. ಕೈ ಉಳಿದರೂ ಅಂಗಿಯ ತೋಳೋ ಸೀರೆಯ ಸೆರಗೋ ಬೆಲ್ಟಿಗೆ ಸಿಕ್ಕಿದರೆ ಸಾಕು, ತೋಳೇ ಒಳಗೆ ಹೋದೀತು.

ಇದು ಅಜಾಗ್ರತೆಯೇ ಸರಿ. ಆದರೆ ದಣಿದವನು ಮರೆಯುವನೆಂಬದನ್ನು ಯಂತ್ರದ ಧಣಿಯು ಮೊದಲೇ ಬಲ್ಲನಲ್ಲವೇ? ಎಂದೂ ಮರೆಯದ, ಎಂದೂ ದಣಿಯದ, ಎಂದೂ ಅವಸರಪಡದ ಆಳು ಇದ್ದರೆ ಬೆಲ್ಟಿಗೆ ಮುಚ್ಚಳ ಯಾತಕ್ಕೆ, ಗರಗಸಕ್ಕೆ ಮರೆ ಯಾತಕ್ಕೆ? ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಹೊಸ ಮನೆಯ ಮಾಳಿಗೆಗೆ ಸುತ್ತುಗೋಡೆ ಇರಬೇಕೆಂಬ ವಿಧಿಯುಂಟು. ಇಲ್ಲವಾದರೆ ಬಿದ್ದು ಸತ್ತವನ ರಕ್ತದ ಅಪರಾಧವು ಮನೆಯವನ ಮೇಲೆ ಬರುವದೆಂದು ಅದರ ತಾತ್ಪರ್ಯ. ಬಿದ್ದವನು ನೋಡಿಕೊಂಡು ನಡೆದನೋ ಇಲ್ಲವೋ ಎಂದು ಆ ವಿಧಿಯು ವಿಚಾರಿಸುವದೇ ಇಲ್ಲ.

ಸರಕಾರದ ಕಾನೂನು ಈ ತಿಳುವಳಿಕೆಗೆ ಬರಲು ಬಹಳ ಕಾಲ ಹಿಡಿಯಿತು. ಯಂತ್ರಗಳಿಗೆ ಬೇಲಿ ಹಾಕಬೇಕೆಂದು ಇಂಗ್ಲೆಂಡಿನಲ್ಲಿ 1844ರಲ್ಲಿ ವಿಧಿಸಿದರು. ನಮ್ಮ ದೇಶದಲ್ಲಿ 1881ರ ಕಾರ್ಖಾನೆಗಳ ಕಾನೂನಿನಲ್ಲಿ ಅದು ಬಂತು. ಆದರೆ ಅದು ನೂರು ಮಂದಿಗೆ ಕಡಿಮೆಯಿಲ್ಲದ ಕಾರ್ಖಾನೆಗಳಿಗೆ ಮಾತ್ರ. (ನಮ್ಮ ಮನೆಗಳ ಮೇಲಿನ ಹಂಚಿನ ಕೆಲಸವು ಮಂಗಳೂರಿನ ಜೆಪ್ಪುವಿನಲ್ಲಿ ಮಿಶನಿನವರಿಂದ 1865ರಲ್ಲೇ ಆರಂಭವಾಗಿತ್ತು. ಅಚ್ಚಿನ ಎರಡು ಒತ್ತುಗಳ ನಡುವೆ ಮಣ್ಣನ್ನು ಇಟ್ಟು ಹಂಚನ್ನು ತೆಗೆಯುವ ಕೈಗಳನ್ನು, ಮಳೆ ಸೋರದ ಮನೆಯಲ್ಲಿ ಕೂತ ನಾವು ಎಷ್ಟು ಸಾರಿ ನೆನಸಿದ್ದೇವೆ?) ಬಳಿಕ 1923ರಲ್ಲಿ ಕೆಲಸದವರ ನಷ್ಟಪರಿಹಾರದ ಕಾನೂನು ಹುಟ್ಟಿತು. ಕೆಲಸದವನು ಕುಡಿದಿದ್ದರೆ, ಕ್ಷೇಮಕ್ಕಾಗಿ ಕೊಟ್ಟ ಅಪ್ಪಣೆಯನ್ನು ಬೇಕೆಂದೇ ಮೀರಿದ್ದರೆ, ಯಂತ್ರದ ಮರೆಯನ್ನು ಬೇಕೆಂದೇ ತೆಗೆದಿದ್ದರೆ, ಅವನು ಸಾಯದಿರುವ ಪಕ್ಷದಲ್ಲಿ ಧಣಿಯು ಕೊಡಬೇಕಾಗಿಲ್ಲವೆಂದು ಅದರಲ್ಲಿತ್ತು. ಆದರೆ ಬರೀ ಅಜಾಗ್ರತೆ ಎಂಬ ಕಾರಣವು ಆ ಸಾಲಿನಲ್ಲಿ ಇರಲಿಲ್ಲ! 2020ರ ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನಕ್ಕೆ ಬಂದಾಗಲೂ ಈ ಭೇದವನ್ನು ಉಳಿಸಿಕೊಂಡಿತು. ಬೇಕೆಂದು ಮಾಡಿದ್ದು ಬೇರೆ, ಮರೆತು ಮಾಡಿದ್ದು ಬೇರೆ. ಕೋರ್ಟಿನವರು ಮಾಡುವ ಈ ಭೇದವನ್ನು ನೆರೆಮನೆಯವರಾದ ನಾವು ಮಾಡದಿರುವದು ಆಶ್ಚರ್ಯ.

ಹಾಗಾದರೆ ಕೆಲಸದವನಿಗೆ ಯಾವ ಹೊಣೆಯೂ ಇಲ್ಲವೋ? ಉಂಟು. ಹೆಂಡ ಕುಡಿದು ಗರಗಸದ ಮುಂದೆ ನಿಲ್ಲುವವನನ್ನೂ, ಬೇಗ ಮುಗಿಯಲೆಂದು ಮುಚ್ಚಳವನ್ನು ಕಳಚಿ ಮೂಲೆಗೆ ಇಡುವವನನ್ನೂ ನಾನು ನಿರ್ದೋಷಿಯೆನ್ನಲಾರೆನು. ಆದರೂ ಮುಚ್ಚಳವು ಒಂದು ತಿಂಗಳಿಂದ ಮೂಲೆಯಲ್ಲಿ ಬಿದ್ದಿರುವಾಗ ದಿನಾಲು ಹಾದುಹೋಗುವ ಮೇಸ್ತ್ರಿಗೂ ಧಣಿಗೂ ಕಣ್ಣಿಲ್ಲವೇ? ಇದಲ್ಲದೆ ನಮ್ಮಲ್ಲಿಯೂ ಅನೇಕರು ಈಗ ಸ್ವಂತ ತೋಟವುಳ್ಳವರು. ಸಣ್ಣ ಪಲ್ಪರನ್ನು ಇಟ್ಟು ಇಬ್ಬರು ಮೂವರನ್ನು ಕೂಲಿಗೆ ಕರೆಯುವವರು. ಅಂಥ ಕೊಟ್ಟಿಗೆಗೆ ತನಿಖೆಗಾರನು ಬರುವದು ಅಪರೂಪ. ಅಲ್ಲಿ ಈ ಪ್ರಶ್ನೆಯು ಸಾಹುಕಾರನ ಬಾಗಲಲ್ಲಿ ಅಲ್ಲ, ನಮ್ಮ ಬಾಗಲಲ್ಲಿಯೇ ನಿಂತಿರುತ್ತದೆ.

ಕೈಗೆ ಬೆಲೆ ಎಷ್ಟು? 1923ರ ಕಾನೂನಿನ, ತರುವಾಯ ತಿದ್ದಲ್ಪಟ್ಟ ಪಟ್ಟಿಯಲ್ಲಿ ದುಡಿಯುವ ಶಕ್ತಿಯ ನಷ್ಟವನ್ನು ನೂರಕ್ಕೆ ಇಷ್ಟೆಂದು ಬರೆದಿದ್ದರು: ಹೆಬ್ಬೆರಳಿಗೆ 30, ತೋರುಬೆರಳಿಗೆ 14, ಕಿರುಬೆರಳಿಗೆ 7, ಒಂದು ಕೈಗೆ 60. ಲೆಕ್ಕವಿಲ್ಲದೆ ನ್ಯಾಯ ನಡೆಯದು, ಒಪ್ಪುತ್ತೇನೆ. ಆದರೆ ಗಿಡದಿಂದ ಹಣ್ಣನ್ನು ಬಿಡಿಸುವವಳಿಗೆ ಹೆಬ್ಬೆರಳಿಲ್ಲದಿದ್ದರೆ ಉಳಿದ ನಾಲ್ಕು ಬೆರಳುಗಳಿಂದ ಆಗುವದೇನು? ಮಗುವಿನ ಅಂಗಿಗೆ ಗುಂಡಿ ಹಾಕಲಾರದವಳ ದುಃಖಕ್ಕೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ.

ಇನ್ನು, ಗಾಯವಾದಾಗಲೇ ತಿಳಿದಿರಬೇಕಾದ ಸಂಗತಿಯೊಂದುಂಟು. ಬೆರಳು ಕತ್ತರಿಸಿಹೋದರೆ ಅದನ್ನು ಬಿಸಾಡಬಾರದು. ಅದನ್ನು ತಿರಿಗಿ ಹೊಲಿದು ಕೂಡಿಸುವ ವೈದ್ಯರಿದ್ದಾರೆ. ಗಾಯವನ್ನು ಶುದ್ಧವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿಹಿಡಿದು ಕೈಯನ್ನು ಮೇಲಕ್ಕೆ ಎತ್ತಿರಬೇಕು. ತುಂಡಾದ ಬೆರಳನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಬೇಕು. ಮಂಜುಗಡ್ಡೆಯು ನೇರವಾಗಿ ತಗಲಿದರೆ ಮಾಂಸವು ಕೆಡುವದು. ಅರಸಿನ, ಕಾಫಿ ಪುಡಿ, ಸೊಪ್ಪು ಯಾವದನ್ನೂ ಹಚ್ಚಬಾರದು. ಇಡೀ ಕೈ ಹೋಗಿದ್ದರೆ ಸುಮಾರು ಆರು ಗಂಟೆಗಳೊಳಗೆ ದೊಡ್ಡ ಆಸ್ಪತ್ರೆಗೆ ಮುಟ್ಟಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೊಮೀಟರು ದೂರ. ಒಳಗಿನ ತೋಟಗಳಿಂದ ರಸ್ತೆಗೆ ಬರುವದಕ್ಕೇ ಒಂದು ಗಂಟೆ ಹಿಡಿದೀತು. ಆದದರಿಂದ ಕೊಯ್ಲು ಆರಂಭವಾಗುವ ಮೊದಲೇ, ರಾತ್ರಿ ಹೊತ್ತಿನಲ್ಲಿ ಯಾರ ಜೀಪು ದೊರಕುವದೆಂದು ಪಲ್ಪರ್ ಮನೆಯವರು ಗೊತ್ತುಮಾಡಿಕೊಂಡಿರಬೇಕು.