ಅರಿವಿನ ಹಣತೆಗೆ ನಿತ್ಯದ ನೇಮ

ಶರಣಧರ್ಮದಲ್ಲಿ ಅರಿವಿಗೆ ದೊರೆತಿರುವ ಸ್ಥಾನವು ಅತಿಶಯವಾದುದು. ಹನ್ನೆರಡನೆಯ ಶತಮಾನದ ಶರಣರು ಅರಿವನ್ನು ಗುರುವಿನ ಪೀಠದಲ್ಲಿರಿಸಿ, ಮರವೆಯನ್ನು ಭಕ್ತನು ಗೆಲ್ಲಬೇಕಾದ ಕತ್ತಲೆಯೆಂದು ಬಗೆದರು. ಅವರು ಹೇಳಿದ ಮರವೆಯು ತನ್ನ ನಿಜವನ್ನು ತಾನರಿಯದ ಮರವೆ. ಮಿದುಳು ಕ್ಷೀಣಿಸಿ ಮುಪ್ಪಿನಲ್ಲಿ ಬರುವ ಮರೆವು ಬೇರೆ. ಇವೆರಡನ್ನೂ ಒಂದೆಂದು ಎಣಿಸಲಾಗದು. ಆದರೂ ಅರಿವು ಬೆಳಗಲು ಕಾಯವೇ ಆಸರೆ. ದೀಪಕ್ಕೆ ಹಣತೆ ಹೇಗೋ ಅರಿವಿಗೆ ಮಿದುಳು ಹಾಗೆ. ಹಣತೆಯೇ ದೀಪವಲ್ಲ, ಆದರೆ ಹಣತೆ ಬಿರಿದರೆ ಎಣ್ಣೆ ನಿಲ್ಲದು. ಕಾಯವನ್ನು ದೇಗುಲವೆಂದು ಭಾವಿಸಿದ ಬಸವಾದಿ ಪ್ರಮಥರ ಮಾರ್ಗದಲ್ಲಿ ನಡೆವ ಗೃಹಸ್ಥನಿಗೆ ಈ ಹಣತೆಯ ರಕ್ಷಣೆಯೂ ಒಂದು ನೇಮವೇ ಸರಿ.

ಮಿದುಳಿನ ತೂಕವು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು 20 ಪಾಲು ಅದಕ್ಕೇ ಸಲ್ಲುತ್ತದೆ. ಆ ಶಕ್ತಿಯನ್ನು ಹೊತ್ತು ತರುವುದು ರಕ್ತ. ಆದುದರಿಂದ ರಕ್ತನಾಳಗಳನ್ನು ಕೆಡಿಸುವ ರಕ್ತದೊತ್ತಡ, ಮಧುಮೇಹ, ಧೂಮಪಾನ, ಮದ್ಯಪಾನಗಳು ಮಿದುಳನ್ನೂ ಕೆಡಿಸುತ್ತವೆ. ಡಿಮೆನ್ಷಿಯಾ ಎಂದು ವೈದ್ಯರು ಕರೆಯುವ ಮರೆವಿನ ರೋಗವನ್ನು ಕುರಿತು ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ವರದಿಯಿತ್ತಿತು. ಮನುಷ್ಯಪ್ರಯತ್ನದಿಂದ ತಿದ್ದಬಹುದಾದ 14 ಕಾರಣಗಳನ್ನು ಅದು ಎಣಿಸಿದೆ. ಅವೆಲ್ಲವೂ ನಿವಾರಣೆಯಾದರೆ ನೂರರಲ್ಲಿ ಸುಮಾರು 45 ಮಂದಿಗೆ ಈ ರೋಗವು ಬಾರದಂತೆಯೋ ತಡವಾಗಿ ಬರುವಂತೆಯೋ ಮಾಡಬಹುದೆಂದು ಅದರ ಎಣಿಕೆ. ಮುಪ್ಪಿನ ರೋಗಕ್ಕೆ ಮುಪ್ಪಿನಲ್ಲಿ ಮದ್ದು ಹುಡುಕಿದರೆ ಸಾಲದು. ನಡುವಯಸ್ಸಿನಲ್ಲಿಯೇ ರಕ್ತದೊತ್ತಡವನ್ನು ಪರೀಕ್ಷಿಸಿಕೊಂಡು ಹತೋಟಿಯಲ್ಲಿಡಬೇಕು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಭಕ್ತರಿಲ್ಲ. ಅವರು ನಡೆದಾಡಿ, ಬಗ್ಗಿ, ನೆಲದ ಮೇಲೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದರು. ಈ ಒಂದು ಕಥೆಯಲ್ಲಿ ದುಡಿಮೆಯೂ ಇದೆ, ಮಿತಿಯೂ ಇದೆ. ದುಡಿವ ದೇಹದಲ್ಲಿ ರಕ್ತವು ಚೆನ್ನಾಗಿ ಹರಿಯುವುದು; ಮಿತವಾಗಿ ಉಂಡ ದೇಹಕ್ಕೆ ಸಕ್ಕರೆ, ಕೊಬ್ಬುಗಳ ಬಾಧೆ ಕಡಿಮೆ. ಪ್ರಸಾದವೆಂದು ಭಾವಿಸಿ ಉಣ್ಣುವವನು ತಟ್ಟೆಯಲ್ಲಿ ಬಿಡಲಾರನು. ಆದುದರಿಂದ ನೀಡಿಸಿಕೊಳ್ಳುವಾಗಲೇ ಅವನಿಗೆ ಎಚ್ಚರವಿರಬೇಕು.

ಇಲ್ಲಿ ಗೃಹಸ್ಥರು ವಿಚಾರಿಸಬೇಕಾದ ಸಂಗತಿಯೊಂದಿದೆ. ತಂದೆತಾಯಿಗಳಿಗೆ ವಯಸ್ಸಾಯಿತೆಂದು ಮಕ್ಕಳು ಪ್ರೀತಿಯಿಂದಲೇ ಅವರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವರು. ಹೊಲಕ್ಕೆ ಹೋಗಬೇಡಿ, ಲೆಕ್ಕ ನೋಡಬೇಡಿ, ಸುಮ್ಮನೆ ಕುಳಿತಿರಿ ಎನ್ನುವರು. ಅಜ್ಜನು ಕಟ್ಟೆಯ ಮೇಲೆ, ಅಜ್ಜಿಯು ಮೂಲೆಯಲ್ಲಿ. ನಡೆಯದ ಕಾಲು, ಎಣಿಸದ ಬುದ್ಧಿ, ಮಾತಿಲ್ಲದ ದಿನ ಇವು ಮೂರೂ ಕೂಡಿದರೆ ಮರೆವಿಗೆ ದಾರಿ ಸುಲಭವಾಗುವುದು. ಶರಣರು ಕಾಯಕಕ್ಕೆ ನಿವೃತ್ತಿಯನ್ನು ವಿಧಿಸಲಿಲ್ಲ. ವಯಸ್ಸಿಗೆ ತಕ್ಕ ಕೆಲಸವನ್ನು ಹಿರಿಯರಿಗೆ ಉಳಿಸಿಕೊಡುವುದೇ ನಿಜವಾದ ಸೇವೆ.

ಷಟ್‌ಸ್ಥಲ ಶಾಸ್ತ್ರವು ನೇತ್ರವನ್ನು ಶಿವಲಿಂಗಕ್ಕೂ ಶ್ರೋತ್ರವನ್ನು ಪ್ರಸಾದಲಿಂಗಕ್ಕೂ ಮುಖವೆಂದು ಹೇಳುತ್ತದೆ. ಆ 14 ಕಾರಣಗಳಲ್ಲಿ ಕಿವುಡುತನವೂ ದೃಷ್ಟಿದೋಷವೂ ಸೇರಿರುವುದು ಗಮನಾರ್ಹ. ಕಿವಿ ಮಂದವಾದವರು ಮೆಲ್ಲಮೆಲ್ಲನೆ ಮಾತುಕತೆಯಿಂದ ಹಿಂದೆ ಸರಿಯುವರು. ಶ್ರವಣಯಂತ್ರಕ್ಕೆ ನಾಚಿಕೆಪಡುವುದು, ಕಣ್ಣಿನ ಪೊರೆ ತೆಗೆಸಲು ವರ್ಷಗಟ್ಟಲೆ ತಡಮಾಡುವುದು ಸಲ್ಲದು. ಲಿಂಗಕ್ಕೆ ಅರ್ಪಿತವಾಗಬೇಕಾದ ಇಂದ್ರಿಯಗಳನ್ನು ಕಡೆಗಣಿಸುವುದು ಭಕ್ತಿಯ ಲಕ್ಷಣವಲ್ಲ.

ಒಂದೇ ಅಭ್ಯಾಸವನ್ನು ನಂಬಿ ಉಳಿದವನ್ನು ಬಿಡುವುದೂ ತರವಲ್ಲ. ಫಿನ್ಲೆಂಡ್ ದೇಶದಲ್ಲಿ ಮರೆವಿನ ಅಪಾಯವಿದ್ದ 60ರಿಂದ 77 ವರ್ಷದ 1260 ಜನರನ್ನು ಎರಡು ಪಂಗಡವಾಗಿಸಿ ಪರೀಕ್ಷಿಸಿದರು. ಒಂದು ಪಂಗಡಕ್ಕೆ ಹಿತಾಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತದೊತ್ತಡಾದಿಗಳ ತಪಾಸಣೆ ಎಲ್ಲವನ್ನೂ ಎರಡು ವರ್ಷ ಒಟ್ಟಿಗೇ ನಡೆಸಿದರು. ಇನ್ನೊಂದಕ್ಕೆ ಸಾಮಾನ್ಯ ಆರೋಗ್ಯಸಲಹೆ ಮಾತ್ರ. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲನೆಯ ಪಂಗಡದವರ ಬುದ್ಧಿಶಕ್ತಿಯೇ ಮೇಲಾಗಿತ್ತು. ಭಕ್ತನ ದಿನಚರಿಯಲ್ಲಿ ಇವೆಲ್ಲಕ್ಕೂ ಎಡೆಯಿದೆ: ಬೆಳಗಿನ ಲಿಂಗಪೂಜೆ, ಹಗಲಿನ ಕಾಯಕ, ಮಿತವಾದ ಪ್ರಸಾದ, ಸಂಜೆಯ ಅನುಭಾವಗೋಷ್ಠಿ, ಹೊತ್ತಿಗೆ ಸರಿಯಾದ ನಿದ್ರೆ. ವಾರಕ್ಕೊಂದು ಹೊಸ ವಚನವನ್ನು ಬಾಯಿಪಾಠ ಮಾಡಿ, ಅದರ ಅರ್ಥವನ್ನು ನಾಲ್ವರೊಡನೆ ಚರ್ಚಿಸುವವನಿಗೆ ಕಲಿಕೆಯೂ ಸಂಗವೂ ಒಮ್ಮೆಗೇ ದೊರೆಯುವವು.

ಇಷ್ಟಾದರೂ ರೋಗವು ಕೆಲವರನ್ನು ಬಿಡದು. ನೇಮತಪ್ಪದೆ ಬಾಳಿದ ತಾಯಿಯೊಬ್ಬಳು ಮಗನ ಹೆಸರನ್ನೇ ಮರೆಯಬಹುದು. ಅದು ಪಾಪದ ಫಲವೆಂದು ಯಾರೂ ಆಡಬಾರದು. ಮುಪ್ಪಿಗೆ ಇದು ಸಹಜವೆಂದು ವೈದ್ಯರಲ್ಲಿಗೆ ಕರೆದೊಯ್ಯದಿರಲೂ ಬಾರದು. ಪೂಜೆಯ ಕ್ರಮವನ್ನು ಮರೆತವಳ ಅಂಗೈಯಲ್ಲಿ ಲಿಂಗವನ್ನಿರಿಸಿ, ಸೊಸೆಯು ತನ್ನ ಕೈಯಿಂದ ವಿಭೂತಿ ಧರಿಸಿದರೆ ಆ ಪೂಜೆ ಪೂರ್ಣವೇ. ಕೇಳಿದ್ದನ್ನೇ ಹತ್ತು ಸಲ ಕೇಳುವವರಿಗೆ ಹನ್ನೊಂದನೆಯ ಸಲವೂ ಶಾಂತವಾಗಿ ಉತ್ತರಿಸುವುದು ದಾಸೋಹವೇ ಆಗಿದೆ.

ಆದುದರಿಂದ ಸದ್ಭಕ್ತರು ತಮ್ಮ ಹಣತೆಯನ್ನು ತಾವು ಕಾಯ್ದುಕೊಳ್ಳಲಿ. ಮಂದವಾದ ದೀಪವುಳ್ಳ ಹಿರಿಯರ ಬಳಿ ತಮ್ಮ ದೀಪವನ್ನು ಹಿಡಿದು ನಿಲ್ಲಲಿ.